ಅಕ್ಕ ಆಡಿದ ಒಂದಕ್ಷರ

ಬಸ್ಸಿನಲ್ಲಿ ಕೆಲಸ ಮಾಡುವವರ ಕಿವಿಗೆ ಬೀಳುವಷ್ಟು ದೆವ್ವದ ಕಥೆಗಳು ಬೇರೆ ಯಾರ ಕಿವಿಗೂ ಬೀಳಲಿಕ್ಕಿಲ್ಲ. ಬಂಟ್ವಾಳದಿಂದ ಸಿದ್ಧಕಟ್ಟೆಯ ಮೇಲೆ ಮೂಡುಬಿದಿರೆಗೆ ಹೋಗುವ ಸರ್ವಿಸ್ ಬಸ್ಸಿನಲ್ಲಿ ನಾನು ಬಹಳ ವರ್ಷ ಕಂಡಕ್ಟರನಾಗಿದ್ದೆ. ಹಳ್ಳ ದಾಟುವ ಸಂಕದ ಮೇಲೆ ಬಿಳಿ ಸೀರೆ ಕಂಡವರು, ಮರದ ಬುಡದಿಂದ ಯಾರೋ ಹೆಸರು ಹಿಡಿದು ಕರೆದದ್ದನ್ನು ಕೇಳಿದವರು, ಸತ್ತ ಮಾವನ ಜೊತೆ ಕೂತು ಬೀಡಿ ಸೇದಿದವರು, ಎಲ್ಲರೂ ನನ್ನ ಬಸ್ಸಿನಲ್ಲಿಯೇ ಹೋದವರು. ಕೇಳಿ ಸುಮ್ಮನಿರುವ ಸ್ವಭಾವ ನನ್ನದಲ್ಲ. "ನಿಮ್ಮ ಮಾವ ಟಿಕೇಟು ತೆಗೊಂಡಿದ್ರಾ?" ಎಂದು ಕೇಳಿ ಇಡೀ ಬಸ್ಸನ್ನು ನಗಿಸುತ್ತಿದ್ದೆ. ಇಂಥ ಕಥೆ ಹೇಳುವವರಲ್ಲಿ ಅರ್ಧ ಜನ ಕುಡುಕರು, ಇನ್ನರ್ಧ ಜನ ಏನನ್ನೋ ಮುಚ್ಚಿಡುವವರು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಈಗಲೂ ಹೆಚ್ಚು ಬದಲಾಗಿಲ್ಲ. ನಾನು ಕುಡಿಯುವವನಲ್ಲ. ಆದ್ದರಿಂದ ನಾನು ಯಾವ ಗುಂಪಿಗೆ ಸೇರಿದವನು ಎಂದು ಓದುವವರೇ ತಿಳಿದುಕೊಳ್ಳಬಹುದು.

ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ನನ್ನ ಕನ್ನಡ ಬಸ್ಸಿನ ಹಲಗೆಗಳನ್ನೂ ಪ್ರಯಾಣಿಕರು ಸೀಟಿನ ಮೇಲೆ ಬಿಟ್ಟುಹೋದ ಪೇಪರುಗಳನ್ನೂ ಓದಿ ಬಂದದ್ದು. ಅಲಂಕಾರ ಮಾಡಿ ಬರೆಯಲು ನನಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನಗೆ ಒಬ್ಬಳೇ ಅಕ್ಕ, ಸೇಸಮ್ಮ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಾನು ನಾಲ್ಕು ವರ್ಷದವನಿದ್ದಾಗ ಅಮ್ಮ ತೀರಿಕೊಂಡರು. ಆಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಬೆಳ್ತಂಗಡಿಯ ಆಚೆ ನೆರಿಯಕ್ಕೆ ಮದುವೆಯಾಗಿ ಹೋದಳು, ಮಕ್ಕಳಾಗಲಿಲ್ಲ, ಗಂಡ ಸತ್ತ ಮೇಲೆ ಬಂಟ್ವಾಳದ ಮನೆಗೆ ತಿರುಗಿ ಬಂದಳು. ತಿರುಗಿ ಬಂದಳು ಎಂದು ನಾನು ಬರೆಯುವುದೇ ತಪ್ಪು. ನಮ್ಮಲ್ಲಿ ಮನೆ ಹೆಣ್ಣಿನ ಕಡೆಯಿಂದ ಇಳಿದು ಬರುತ್ತದೆ. ಅಜ್ಜಿಯ ಮನೆ ಅಮ್ಮನಿಗೆ ಬಂತು, ಅಮ್ಮನ ಮನೆ ಅಕ್ಕನಿಗೆ. ನಾನು, ನನ್ನ ಹೆಂಡತಿ, ಮಕ್ಕಳು ಆ ಮನೆಯಲ್ಲಿ ಇದ್ದದ್ದು ಅವಳ ದಯೆಯಿಂದ. ಅವಳು ಬಂದದ್ದು ತನ್ನ ಮನೆಗೆ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಅಕ್ಕ ಬಾವಿಕಟ್ಟೆಯ ಹತ್ತಿರ ಬಿದ್ದಳು. ಬಲಗೈ, ಬಲಗಾಲು ಸ್ವಾಧೀನ ತಪ್ಪಿತು. ಮಾತು ಹೋಯಿತು. ಮದ್ದು ಎಣ್ಣೆ ಎಲ್ಲ ಮಾಡಿದ ಮೇಲೆ ಸ್ವಲ್ಪ ಸ್ವರ ಬಂತು, ಆದರೆ ಒಂದು ಅಕ್ಷರ, ಹೆಚ್ಚೆಂದರೆ ಎರಡು. ನೀರಿಗೆ "ನೀ" ಎನ್ನುತ್ತಿದ್ದಳು. ನನ್ನನ್ನು ಕರೆಯಲು "ತ" ಎಂದು ಶುರುಮಾಡಿ ಅಲ್ಲಿಗೇ ನಿಲ್ಲುತ್ತಿದ್ದಳು. ಮಲಗಿದಲ್ಲೇ ಎಲ್ಲವೂ ಆಗಬೇಕು. ನನ್ನ ಹೆಂಡತಿ ಎಂಟು ತಿಂಗಳು ಮಾಡಿದಳು. ಆಮೇಲೆ ಮುಖ ಸಿಂಡರಿಸಿಕೊಂಡು ಮಾಡಿದಳು. ತಪ್ಪನ್ನು ಅವಳ ಮೇಲೆ ಹಾಕುವುದು ಸುಲಭ, ನಮ್ಮ ನೆಂಟರೆಲ್ಲ ಹಾಕಿದರು. ಆದರೆ ಆ ಎಂಟು ತಿಂಗಳಲ್ಲಿ ಅಕ್ಕನ ಬಟ್ಟೆಯನ್ನು ನಾನು ಒಂದು ದಿನವೂ ಮುಟ್ಟಲಿಲ್ಲ. ಸಿದ್ಧಕಟ್ಟೆ ದಾಟಿ ಮೂಡುಬಿದಿರೆಯ ಕಡೆಗೆ ರಸ್ತೆಯ ಬದಿಯಲ್ಲಿ ಹಾಸಿಗೆ ಹಿಡಿದವರನ್ನೂ ದಿಕ್ಕಿಲ್ಲದವರನ್ನೂ ಇಟ್ಟುಕೊಳ್ಳುವ ಒಂದು ನಿಲಯ ಉಂಟು, ನನ್ನ ಬಸ್ಸು ದಿನಾಲು ಅದರ ಗೇಟಿನ ಮುಂದೆಯೇ ಹೋಗುತ್ತದೆ, ದಿನಾಲು ನೋಡಿಕೊಳ್ಳಬಹುದು ಎಂದು ಮನೆಯಲ್ಲಿ ಮೊದಲು ಹೇಳಿದವನು ನಾನೇ. ಮನೆಯ ಯಜಮಾನಿಯನ್ನು ಮನೆಯಿಂದ ಹೊರಗೆ ಹಾಕಿದ ತಮ್ಮ ನಮ್ಮ ಕುಟುಂಬದಲ್ಲಿ ಅದುವರೆಗೆ ಹುಟ್ಟಿರಲಿಲ್ಲ.

ಆ ನಿಲಯದ ಹೆಸರು ಬರೆಯುವುದಿಲ್ಲ. ಈಗ ಅದು ಇಲ್ಲ. ಅದನ್ನು ನಡೆಸುತ್ತಿದ್ದವರು ನಿವೃತ್ತ ಶಾಲಾ ಮಾಸ್ಟ್ರು. ಬಿಳಿ ಕೋಟು, ಕಂಕುಳಲ್ಲಿ ಕೊಡೆ, ಮಾತಿನ ನಡುವೆ ಗಂಟಲು ಸರಿಮಾಡುವ ಅಭ್ಯಾಸ. ಆಗ ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ಘಟ್ಟದ ಮೇಲಿನ ಅಧಿಕಾರಿಗಳು ಬರತೊಡಗಿದ್ದರು, ಅವರಿಗೆ ತುಳು ಬರುತ್ತಿರಲಿಲ್ಲ. ಅವರೆದುರು ನಿಲಯದ ಮರ್ಯಾದೆ ಉಳಿಯಬೇಕೆಂದು ಮಾಸ್ಟ್ರು ಒಂದು ನಿಯಮ ಮಾಡಿದ್ದರು. ಒಳಗೆ ಯಾರೂ ತುಳು, ಕೊಂಕಣಿ ಮಾತಾಡಬಾರದು, ಎಲ್ಲರೂ ಕನ್ನಡದಲ್ಲಿಯೇ ಮಾತಾಡಬೇಕು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಯೂ ಇದ್ದರು. ಎಪ್ಪತ್ತು ವರ್ಷ ತುಳುವಿನಲ್ಲಿ ಅತ್ತು ನಕ್ಕ ಮುದುಕಿಯರು ನೀರು ಬೇಕಾದರೆ "ದಯವಿಟ್ಟು ನೀರು ಕೊಡಿರಿ" ಎನ್ನಬೇಕು. ಹೇಳಲು ಬಾರದವರು ಬಾಯಾರಿಕೊಂಡು ಇರಬೇಕು. ಮಾಸ್ಟ್ರ ಸ್ವಂತ ತಾಯಿಗೆ ತುಳು ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು.

ನಾನು ಅಕ್ಕನನ್ನು ಬಿಡಲು ಹೋದ ದಿನ ಅವರು ನಿಲಯವನ್ನು ಸುತ್ತಾಡಿಸಿ ತೋರಿಸಿದರು. ತೋರಿಸಿದ್ದು ಎದುರಿನ ಹಜಾರ, ಹಾರ್ಮೋನಿಯಂ, ಗಣ್ಯರ ಫೋಟೋಗಳು, ವಾರಕ್ಕೆ ಎಷ್ಟು ಸ್ನಾನ, ಯಾವ ದಿನ ಯಾವ ಪಲ್ಯ ಎಂದು ಚಂದದ ಅಕ್ಷರದಲ್ಲಿ ಬರೆದ ಹಲಗೆ. ಆ ಹಲಗೆಯ ಮೇಲಿನ ಪಲ್ಯವನ್ನು ಹಲಗೆಯೇ ತಿಂದಿರಬೇಕು, ಒಳಗಿನವರಿಗೆ ಗಂಜಿ, ಉಪ್ಪು ಬಿಟ್ಟರೆ ಬೇರೆ ಕಂಡದ್ದಿಲ್ಲ ಎಂದು ಆಮೇಲೆ ತಿಳಿಯಿತು. ಹಾಸಿಗೆ ಹಿಡಿದವರ ಕೋಣೆಗಳು ಹಿಂಬದಿಯಲ್ಲಿ, ಬಚ್ಚಲ ಗೋಡೆಗೆ ತಾಗಿ. ಅಲ್ಲಿಗೆ ಅವರು ನನ್ನನ್ನು ಕರೆದೊಯ್ಯಲಿಲ್ಲ. ನಾನೂ ಕೇಳಲಿಲ್ಲ. ಅಕ್ಕನನ್ನು ಇಬ್ಬರು ಎತ್ತಿಕೊಂಡು ಹೋದರು. ಅವಳು "ತ" ಎಂದು ಶುರುಮಾಡಿದಳು. ಅಷ್ಟರಲ್ಲಿ ನನ್ನ ಬಸ್ಸಿನ ಹಾರ್ನ್ ಕೇಳಿಸಿತು, ನಾನು ಹೊರಟೆ.

ದಿನಾಲು ನೋಡುತ್ತೇನೆ ಎಂದವನು ಎಷ್ಟು ನೋಡಿದೆ ಎಂದರೆ, ಮೊದಲ ತಿಂಗಳು ಮೂರು ಸಲ ಇಳಿದೆ. ಎರಡನೆಯ ಸಲ ಹೋದಾಗ ಅವಳ ಬೆನ್ನಿನಲ್ಲಿ ಮಲಗಿ ಮಲಗಿ ಹುಣ್ಣಾದದ್ದು ಕಂಡಿತು. ಮಾಸ್ಟ್ರನ್ನು ಕೇಳಿದೆ. "ವಯೋಧರ್ಮ ಕಂಡಕ್ಟ್ರೇ, ವಯೋಧರ್ಮ" ಎಂದರು. ಅವಳಿಗೆ ಆಗ ಐವತ್ತೊಂದು. ಮೂರನೆಯ ಸಲ ಹುಣ್ಣು ದೊಡ್ಡದಾಗಿತ್ತು. ಅದನ್ನು ನೋಡಿದ ಮೇಲೆ ನಾನು ಇಳಿಯುವುದನ್ನೇ ಬಿಟ್ಟೆ. ಹುಣ್ಣನ್ನು ಕಂಡರೆ ಏನಾದರೂ ಮಾಡಬೇಕಾಗುತ್ತದಲ್ಲ, ಅದಕ್ಕೆ.

ಆಮೇಲೆ ನಡೆದದ್ದು ಇನ್ನೂ ಚಂದ. ನಿಲಯಕ್ಕೆ ಬಂದವರ ಅಭಿಪ್ರಾಯ ಬರೆಸಲು ಒಂದು ಪುಸ್ತಕ ಇತ್ತು. ನೆಂಟರು ನಿಯಮಿತವಾಗಿ ಬರುತ್ತಾರೆ ಎಂದು ತೋರಿಸಲು ಮಾಸ್ಟ್ರಿಗೆ ಅದು ತುಂಬಬೇಕು. ನಾನು ಇಳಿಯುವುದಿಲ್ಲ ಎಂದು ಕಂಡ ಮೇಲೆ ಅವರು ಗೇಟು ಕಾಯುವ ಬಾಬುವಿನ ಕೈಯಲ್ಲಿ ಪುಸ್ತಕವನ್ನು ರಸ್ತೆಗೇ ಕಳಿಸತೊಡಗಿದರು. ಗೇಟಿನ ಹತ್ತಿರದ ತಿರುವಿನಲ್ಲಿ ನಮ್ಮ ಡ್ರೈವರ್ ಇದ್ದಿನಬ್ಬ ಒಮ್ಮೆ ಹಾರ್ನ್ ಮಾಡಿ ಬಸ್ಸು ನಿಧಾನ ಮಾಡುತ್ತಿದ್ದ. ನಾನು ಮೆಟ್ಟಿಲ ಮೇಲೆ ನಿಂತು ಬಾಳೆಹಣ್ಣಿನದೋ ಬಿಸ್ಕತ್ತಿನದೋ ಪೊಟ್ಟಣ ಬಾಬುವಿಗೆ ಕೊಡುತ್ತಿದ್ದೆ. ಬಾಬು ಪುಸ್ತಕ ಹಿಡಿಯುತ್ತಿದ್ದ. ನಾನು ಕಿವಿಯ ಮೇಲಿನ ಪೆನ್ಸಿಲು ತೆಗೆದು "ನೋಡಿದೆ, ತೃಪ್ತಿಯಾಯಿತು" ಎಂದು ಬರೆದು ಸಹಿ ಹಾಕುತ್ತಿದ್ದೆ. "ಅಕ್ಕ ಹೇಗಿದ್ದಾಳೆ ಬಾಬು?" "ಸುಖವಾಗಿದ್ದಾರೆ, ಪೊಟ್ಟಣ ಕೊಡಿ." ಅಷ್ಟೇ. ಇದ್ದಿನಬ್ಬ ಒಮ್ಮೆ ಹೇಳಿದ, "ನೀನು ಒಳಗೆ ಹೋಗಿ ಬಾ ಮಾರಾಯ, ನಾನು ಐದು ನಿಮಿಷ ನಿಲ್ಲಿಸ್ತೇನೆ. ಇಂಜಿನಿಗೂ ಸ್ವಲ್ಪ ತಣ್ಣಗಾಗ್ತದೆ." ಪ್ರಯಾಣಿಕರಿಗೆ ತೊಂದರೆ ಎಂದೆ ನಾನು. ಪ್ರಯಾಣಿಕರ ಬಗ್ಗೆ ನನಗೆ ಅಷ್ಟು ಕಾಳಜಿ ಅದಕ್ಕಿಂತ ಮೊದಲೂ ಇರಲಿಲ್ಲ, ಆಮೇಲೂ ಇರಲಿಲ್ಲ.

ಹೀಗೆ ಒಂದು ವರ್ಷ ಹೋಯಿತು.

ಆ ದಿನ ಬೇಸಗೆಯ ನಡುಮಧ್ಯಾಹ್ನ. ಕತ್ತಲೆ, ಮಂಜು, ಮಳೆ ಯಾವುದೂ ಇರಲಿಲ್ಲ. ರಸ್ತೆಯ ಮೇಲೆ ಬಿಸಿಲು ಬಿದ್ದು ಕಣ್ಣು ಬಿಡಲು ಆಗುತ್ತಿರಲಿಲ್ಲ, ಬಸ್ಸಿನಲ್ಲಿ ಹತ್ತು ಹನ್ನೆರಡು ಜನ ತೂಕಡಿಸುತ್ತಿದ್ದರು. ಮೆಟ್ಟಿಲಿನ ಹತ್ತಿರದ ಸೀಟಿನಲ್ಲಿ ಒಣಮೀನು ಮಾರುವ ಲಚ್ಚಮ್ಮ ಕಾಲ ಮುಂದೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ತಿರುವು ಬಂತು. ಇದ್ದಿನಬ್ಬ ಹಾರ್ನ್ ಮಾಡಿದ. ಬಾಬು ಇರಲಿಲ್ಲ. ಗೇಟಿನ ಬದಿಯಲ್ಲಿ, ರಸ್ತೆಯಿಂದ ಎರಡು ಹೆಜ್ಜೆ ಒಳಗೆ, ಅಕ್ಕ ನಿಂತಿದ್ದಳು.

ನಾನು ಗಂಟೆಯ ಹಗ್ಗ ಎಳೆದೆ. ಬಸ್ಸು ನಿಂತಿತು. ನಿಲಯದವರು ಉಡಿಸುವ ನೀಲಿ ಅಂಚಿನ ಸೀರೆ ಉಟ್ಟಿದ್ದಳು. ಕಾಲಲ್ಲಿ ಏನೂ ಇರಲಿಲ್ಲ. ಬಲಗೈಯನ್ನು, ಬಸ್ಸು ನಿಲ್ಲಿಸಲು ಎಲ್ಲರೂ ಎತ್ತುವ ಹಾಗೆ, ಎತ್ತಿ ಹಿಡಿದಿದ್ದಳು. ಅದು ಸ್ವಾಧೀನವಿಲ್ಲದ ಕೈ ಎಂದು ಆಗ ನನಗೆ ಹೊಳೆಯಲಿಲ್ಲ. ಅವಳು ಮೆಟ್ಟಿಲಿನ ಹತ್ತಿರ ಬಂದಳು. ನಾನು ಮೇಲೆ, ಅವಳು ಕೆಳಗೆ. ಅವಳ ಮುಖ ನನ್ನ ಮೊಣಕಾಲಿನ ಎತ್ತರಕ್ಕೆ ಇತ್ತು. ಅವಳು ನನ್ನ ಮುಖವನ್ನೇ ನೋಡಿ, ಸ್ಪಷ್ಟವಾಗಿ, ಒಂದೇ ಸಲ, "ಥೂ" ಎಂದಳು.

ನನಗೆ ಆಗ ಏನೇನು ಅನಿಸಿತು ಎಂಬುದನ್ನು ಬರೆಯಬೇಕು, ಈ ಬರಹ ಇರುವುದೇ ಅದಕ್ಕೆ. ಅಯ್ಯೋ ಅಕ್ಕ ಎಂದು ಅನಿಸಲಿಲ್ಲ. ಮೊದಲು ಸಿಟ್ಟು ಬಂತು. ಜನರ ಎದುರು ಮುಖಕ್ಕೆ ಉಗಿದಳಲ್ಲ ಎಂದು. ನಾನು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ. ಆಮೇಲೆ ಒಂದು ಹೆದರಿಕೆ ಬಂತು. ಅದು ದೆವ್ವದ ಹೆದರಿಕೆಯಲ್ಲ. ಇವಳು ನಡೆಯುತ್ತಾಳೆ, ಗುಣವಾಗಿದ್ದಾಳೆ, ಈಗ ಬಸ್ಸು ಹತ್ತುತ್ತಾಳೆ, ಮನೆಗೆ ಬರುತ್ತಾಳೆ ಎಂಬ ಹೆದರಿಕೆ. ಅವಳ ಕೋಣೆಯಲ್ಲಿ ಈಗ ನಮ್ಮ ಮಂಚ ಇತ್ತು. ಒಂದು ವರ್ಷ ಯಾಕೆ ಬರಲಿಲ್ಲ ಎಂದೂ ಕೇಳುತ್ತಾಳೆ. ನಾನು ಹಗ್ಗ ಎರಡು ಸಲ ಎಳೆದು "ರೈಟ್ ಪೋಯಿ" ಎಂದು ಕೂಗಿದೆ. ಬಸ್ಸು ಹೊರಟಿತು. ನಾನು ಹಿಂದೆ ತಿರುಗಿ ನೋಡಲಿಲ್ಲ.

ಸ್ವಲ್ಪ ಮುಂದೆ ಹೋದ ಮೇಲೆ ಲಚ್ಚಮ್ಮ ಹೇಳಿದಳು, "ಎಂತ ಕಂಡಕ್ಟ್ರೇ, ಆ ಅಮ್ಮನನ್ನು ಹತ್ತಿಸ್ಲಿಲ್ಲ? ನಾನು ಬುಟ್ಟಿ ಜರಗಿಸಿ ಜಾಗ ಮಾಡಿದ್ದೆ."

"ಟಿಕೇಟು ತೆಗೊಳ್ಳುವವರು ಅಲ್ಲ" ಎಂದೆ ನಾನು. ಒಬ್ಬಿಬ್ಬರು ನಕ್ಕರು.

ಮೂಡುಬಿದಿರೆಯಲ್ಲಿ ನಮ್ಮ ಬಸ್ಸು ಮುಕ್ಕಾಲು ಗಂಟೆ ನಿಲ್ಲುತ್ತಿತ್ತು. ನಾನು ಊಟ ಮಾಡಿದೆ. ಸಾರು ಚೆನ್ನಾಗಿತ್ತು ಎಂಬುದೂ ನೆನಪಿದೆ. ತಿರುಗಿ ಬರುವಾಗ ತಿರುವಿನ ಮೊದಲೇ ಹೊಗೆ ಕಂಡಿತು. ನಿಲಯದ ಹಿಂಬದಿಯ ಹೆಂಚಿನ ಮಾಡು ಕುಸಿದಿತ್ತು. ರಸ್ತೆಯಲ್ಲಿ ಜನ, ಕೊಡಪಾನ, ಬೆಂಕಿ ಆರಿಸಲು ತಂದ ಬಾಳೆಯ ದಿಂಡು. ಅಂಗಳದ ನಡುವೆ ಹಾರ್ಮೋನಿಯಂ ಇತ್ತು, ಅದರ ಪಕ್ಕದಲ್ಲಿ ಗಣ್ಯರ ಫೋಟೋಗಳನ್ನು ಸಾಲಾಗಿ ಒರಗಿಸಿ ಇಟ್ಟಿದ್ದರು. ಒಂದರ ಗಾಜೂ ಒಡೆದಿರಲಿಲ್ಲ. ಮನುಷ್ಯರು ಅದರ ಆಚೆ ಮಣ್ಣಿನ ಮೇಲೆ ಮಲಗಿದ್ದರು.

ನಡೆದದ್ದು ಇಷ್ಟು. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಸೌದೆಗೆಂದು ತೆಂಗಿನ ಗರಿಯ ಒಣ ಮಡಲು, ಸಿಪ್ಪೆ ತುಂಬಿಸಿಟ್ಟಿದ್ದರು. ಒಲೆಯ ಕಿಡಿ ಅದಕ್ಕೆ ಹತ್ತಿತು. ಅಟ್ಟಕ್ಕೂ ಅಕ್ಕನ ಕೋಣೆಗೂ ನಡುವೆ ಇದ್ದದ್ದು ಮಾಡಿನವರೆಗೆ ಮುಟ್ಟದ ಒಂದು ಗೋಡೆ. ಆ ಹೊತ್ತಿಗೆ ಯಾರೋ ದೊಡ್ಡವರು ಹಣ್ಣು ಹಂಚಲು ಬಂದಿದ್ದರಿಂದ ಎಲ್ಲರನ್ನೂ ಎದುರಿನ ಹಜಾರಕ್ಕೆ ಕರೆದು ಪ್ರಾರ್ಥನೆ ಹಾಡಿಸುತ್ತಿದ್ದರು. ಬಾಬು ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ. ಅಕ್ಕ ಮಾತ್ರ ಕೋಣೆಯಲ್ಲಿದ್ದಳು, ಹೊರಗಿನಿಂದ ಚಿಲಕ ಹಾಕಿತ್ತು. ಅವಳನ್ನು ಹೊರಗೆ ಎಳೆದು ತಂದವಳು ಅದೇ ಕೋಣೆಯಲ್ಲಿರುತ್ತಿದ್ದ ಬ್ರಿಜಿತ್ ಬಾಯಿ ಎಂಬ ಫರಂಗಿಪೇಟೆ ಕಡೆಯ ಮುದುಕಿ. ಎಪ್ಪತ್ತು ವರ್ಷದ, ಒಂದು ಕಣ್ಣು ಕಾಣದ ಮುದುಕಿ. ಗಂಡಸರು ಹಾರ್ಮೋನಿಯಂ ಹೊರುತ್ತಿದ್ದರು.

ಅಕ್ಕನಿಗೆ ಬೆಂಕಿ ಹೆಚ್ಚು ತಾಗಿರಲಿಲ್ಲ, ಹೊಗೆ ಕುಡಿದಿದ್ದಳು. ನಮ್ಮ ಬಸ್ಸನ್ನೇ ತಿರುಗಿಸಿ ಮೂಡುಬಿದಿರೆಯ ಆಸ್ಪತ್ರೆಗೆ ಕರೆದೊಯ್ದೆವು. ಹಿಂದಿನ ಸೀಟಿನಲ್ಲಿ ಅವಳ ತಲೆ ಬ್ರಿಜಿತ್ ಬಾಯಿಯ ತೊಡೆಯ ಮೇಲೆ ಇತ್ತು. ನನ್ನ ತೊಡೆಯ ಮೇಲೆ ಇರಬೇಕಾದ ತಲೆ ಅದು. ಆಗ ನಾನು ಬ್ರಿಜಿತ್ ಬಾಯಿಯನ್ನು ಕೇಳಿದೆ, ಅಕ್ಕ ಯಾವಾಗಿನಿಂದ ನಡೆಯುತ್ತಿದ್ದಾಳೆ ಎಂದು.

"ನಡೆಯುವುದಾ?" ಎಂದಳು ಅವಳು. "ಇವಳು ಮಗ್ಗುಲು ತಿರುಗದೆ ಆರು ತಿಂಗಳಾಯ್ತು. ಬೆನ್ನು ನೋಡಿದ್ರೆ ಗೊತ್ತಾಗ್ತದೆ ನಿಮಗೆ."

ಮಧ್ಯಾಹ್ನ ಗೇಟಿನ ಹತ್ತಿರ ಬಂದಿದ್ದಳಲ್ಲ ಎಂದೆ.

"ನಿಮ್ಮ ಬಸ್ಸಿನ ಹಾರ್ನ್ ಕೇಳುವಾಗ ನಾನು ಕಿಟಕಿಯ ಸರಳಿನೆಡೆಯಿಂದ ಕೈ ಹಾಕಿ ಇವಳಿಗೆ ಗಂಜಿತಿಳಿ ಕುಡಿಸ್ತಿದ್ದೆ. ಬಾಗಿಲಿಗೆ ಚಿಲಕ. ಹಾರ್ನ್ ಕೇಳಿ ಇವಳು ಕುಡಿಯುವುದು ನಿಲ್ಲಿಸಿದ್ಳು, ಮುಖ ಮಾತ್ರ ಆಚೆ ತಿರುಗಿಸಿದ್ಳು. ದಿನಾಲು ಹಾಗೆಯೇ. ನಿಮ್ಮ ಬಸ್ಸು ಹೋಗುವವರೆಗೆ ಏನೂ ನುಂಗುವುದಿಲ್ಲ."

ದಿನಕ್ಕೆ ಎರಡು ಸಲ ನಾನು ಹಾದುಹೋಗುವುದನ್ನು ಅವಳು ಒಂದು ವರ್ಷ ಕೇಳುತ್ತಾ ಮಲಗಿದ್ದಳು ಎಂಬುದು ನನಗೆ ಆಗ ತಿಳಿಯಿತು.

ಮೂರನೆಯ ದಿನ ವಿಚಾರಣೆಗೆ ಅಧಿಕಾರಿ ಬಂದರು. ಘಟ್ಟದ ಮೇಲಿನವರು, ಒಳ್ಳೆಯ ಮನುಷ್ಯ, ಯಾರಿಗೂ ಗದರಲಿಲ್ಲ. ಸುಡದೆ ಉಳಿದ ಹಜಾರದಲ್ಲಿ ಮೇಜು ಹಾಕಿದ್ದರು. ಆ ಹೆಂಗಸಿನ ಕೋಣೆಗೆ ಚಿಲಕ ಯಾಕೆ ಎಂದು ಅವರು ಕೇಳಿದರು. ಮಾಸ್ಟ್ರು ಗಂಟಲು ಸರಿಮಾಡಿ ಇನ್ನೊಂದು ಪುಸ್ತಕ ತೆಗೆದರು. ಅದು ನಿವಾಸಿಗಳ ನಡತೆಯ ಪುಸ್ತಕ. ಎಂಟು ದಿನ ಹಿಂದಿನಿಂದ ಓದಿದರು. ಸೇಸಮ್ಮ ಸಿಬ್ಬಂದಿಯನ್ನು ಕಂಡೊಡನೆ ಥೂ ಎಂದು ಉಗಿಯತೊಡಗಿದ್ದಾಳೆ. ಬಚ್ಚಲಿಗೆ ನೀರು ಕಾಯಿಸುವ ಹೊತ್ತಿಗೆ ಚೇಷ್ಟೆ ಹೆಚ್ಚು. ಈ ದಿನ ವ್ಯವಸ್ಥಾಪಕರ ಮುಖಕ್ಕೇ ಥೂ ಎಂದಳು. ತಿಳಿಹೇಳಿದರೂ ಕೇಳಲಿಲ್ಲ. ಅತಿಥಿಗಳ ಎದುರು ಅವಮರ್ಯಾದೆಯಾಗದಂತೆ ಕೋಣೆಯಲ್ಲಿಯೇ ಇರಿಸಿ ಚಿಲಕ ಹಾಕಲಾಯಿತು.

ಬ್ರಿಜಿತ್ ಬಾಯಿ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು. ಕೂತಲ್ಲಿಂದಲೇ ಹೇಳಿದಳು, "ಅವಳು ಉಗಿದದ್ದಲ್ಲ ಸಾಹೇಬ್ರೆ. ಉಗಿಯಲಿಕ್ಕೆ ಅವಳ ಬಾಯಲ್ಲಿ ನೀರೆಲ್ಲಿತ್ತು? ತೂ ಅಂದದ್ದು. ತುಳುವಿನಲ್ಲಿ ತೂ ಅಂದ್ರೆ ಬೆಂಕಿ."

ಅಲ್ಲಿದ್ದವರಲ್ಲಿ ಅಧಿಕಾರಿಯೊಬ್ಬರನ್ನು ಬಿಟ್ಟರೆ ಎಲ್ಲರೂ ಆ ಶಬ್ದವನ್ನು ತಾಯಿಯ ಹಾಲಿನ ಜೊತೆ ಕುಡಿದವರು. ಒಲೆಗೆ ಊದುವಾಗ, ಬೀಡಿ ಹಚ್ಚುವಾಗ, ಹೆಣ ಸುಡುವಾಗ ದಿನಕ್ಕೆ ಹತ್ತು ಸಲ ಆಡುವ ಶಬ್ದ. ಆದರೆ ಆ ಗೋಡೆಗಳ ಒಳಗೆ ಕನ್ನಡ ಮಾತ್ರ ಎಂದು ಬರೆದಿತ್ತಲ್ಲ, ಎಲ್ಲರಿಗೂ ಅದು ಕನ್ನಡವಾಗಿಯೇ ಕೇಳಿಸಿತು. ಅವಳಿಗೆ ಮಲಗಿದಲ್ಲಿಂದ ಕಾಣುತ್ತಿದ್ದದ್ದು ಗೋಡೆಯ ಮೇಲಿನ ಆ ಸಂದು ಒಂದೇ. ಒಲೆ ಉರಿಸಿದಾಗೆಲ್ಲ ಕಿಡಿ ಮಡಲಿನವರೆಗೆ ಏರುವುದನ್ನು ಎಂಟು ದಿನ ನೋಡಿ ಎಂಟು ದಿನ ಹೇಳಿದ್ದಳು. ಹಲಗೆ, ಪುಸ್ತಕ, ಗಣ್ಯರು, ಅಭಿಪ್ರಾಯಗಳು ಎಲ್ಲ ಇದ್ದ ಆ ನಿಲಯದಲ್ಲಿ ತಪಾಸಣೆ ಎಂಬುದನ್ನು ಮಾಡಿದವಳು ಎದ್ದು ಕೂರಲಾರದ ಆ ಹೆಂಗಸೊಬ್ಬಳೇ.

"ಹಾಗಿದ್ದರೆ ನೀವು ಆಗಲೇ ಯಾಕೆ ಹೇಳಲಿಲ್ಲ?" ಎಂದು ಅಧಿಕಾರಿ ಕೇಳಿದರು.

"ನಂಗೂ ಬೆಂಕಿ ಕಂಡ ಮೇಲೆಯೇ ಹೊಳೆದದ್ದು ಸಾಹೇಬ್ರೆ. ಇಲ್ಲಿ ತುಳು ಮಾತಾಡದೆ ಎರಡು ವರ್ಷ ಆಯ್ತಲ್ಲ."

ಮಾಸ್ಟ್ರು ಅಲುಗಾಡಲಿಲ್ಲ. "ನಾನು ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನು" ಎಂದರು. "ಥೂ ಎಂಬುದು ತಿರಸ್ಕಾರವನ್ನು ಸೂಚಿಸುವ ಅವ್ಯಯ. ಸಂದರ್ಭದಿಂದಲೂ ಅದೇ ಅರ್ಥ ಹೊರಡುತ್ತದೆ." ಆಮೇಲೆ ಅವರು ಅಭಿಪ್ರಾಯದ ಪುಸ್ತಕ ತೆಗೆದು ಅಧಿಕಾರಿಯ ಮುಂದೆ ಇಟ್ಟರು. ಪುಟ ಪುಟವೂ ನನ್ನ ಪೆನ್ಸಿಲಿನ ಅಕ್ಷರ. ನೋಡಿದೆ, ತೃಪ್ತಿಯಾಯಿತು. ನೋಡಿದೆ, ತೃಪ್ತಿಯಾಯಿತು.

"ಇವು ನಿಮ್ಮ ಸಹಿಯಾ?" ಎಂದರು ಅಧಿಕಾರಿ.

"ಹೌದು."

"ಒಳಗೆ ಹೋಗಿ ನೋಡಿಯೇ ಬರೆದದ್ದಾ?"

ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಆದರೆ ಇಲ್ಲ ಎಂದರೆ ಬಸ್ಸಿನ ಮೆಟ್ಟಿಲಿನ ವಿಷಯ ಹೇಳಬೇಕು. ಅದನ್ನು ಹೇಳಿದರೆ ಆ ಮಧ್ಯಾಹ್ನ ಬಸ್ಸು ಯಾಕೆ ನಿಂತಿತು, ಯಾಕೆ ಹೊರಟಿತು ಎಂದು ಇದ್ದಿನಬ್ಬನನ್ನೂ ಕೇಳುತ್ತಾರೆ. ಇಡೀ ಬಂಟ್ವಾಳ ಪೇಟೆ ಕೇಳುತ್ತದೆ. ನಾನು ಮತ್ತೆ "ಹೌದು" ಎಂದೆ. ಅಧಿಕಾರಿ ಅದನ್ನು ಬರೆದುಕೊಂಡರು. ಆಕಸ್ಮಿಕ ಎಂದು ತೀರ್ಮಾನವಾಯಿತು. ಹೊರಗೆ ಬರುವಾಗ ಮಾಸ್ಟ್ರು ನನ್ನ ಭುಜದ ಮೇಲೆ ಕೈ ಇಟ್ಟು "ದೊಡ್ಡ ಉಪಕಾರವಾಯಿತು ಕಂಡಕ್ಟ್ರೇ" ಎಂದರು. ಆ ಮನುಷ್ಯನಿಗೆ ನಾನು ಜೀವಮಾನವಿಡೀ ಹೇಸಿದ್ದೇನೆ. ಆದರೆ ಅಂದು ಆ ಕೈಯನ್ನು ನಾನು ಕೊಡವಿ ಹಾಕಲಿಲ್ಲ. ನಮ್ಮಿಬ್ಬರಲ್ಲಿ ದೊಡ್ಡ ವ್ಯತ್ಯಾಸವೇನಿತ್ತು ಎಂದು ಹೇಳುವುದು ನನಗೆ ಕಷ್ಟ.

ಬ್ರಿಜಿತ್ ಬಾಯಿ ನನ್ನನ್ನು ನೋಡಿದಳು.

ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋದೆ. ಸಂಜೆಗೆ ಇನ್ನೂ ಹೊತ್ತಿತ್ತು. ಅಕ್ಕ ಕಣ್ಣು ಬಿಟ್ಟಿದ್ದಳು. ನಾನು ಕೂತು ಅವಳ ಬಲಗೈ ಹಿಡಿದೆ. ಅದು ತಣ್ಣಗಿತ್ತು, ಬಿಟ್ಟರೆ ಹಾಸಿಗೆಯ ಮೇಲೆ ಹಾಗೆಯೇ ಬಿದ್ದುಕೊಳ್ಳುತ್ತಿತ್ತು. ತುಳುವಿನಲ್ಲಿ ಮೆಲ್ಲಗೆ ಕೇಳಿದೆ. ಅಕ್ಕಾ, ನೀನು ರಸ್ತೆಗೆ ಬಂದಿದ್ದೆಯಾ? ನನ್ನನ್ನು ಕರೆದೆಯಾ? ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಗುರುತು ಸಿಕ್ಕಿತ್ತು, ಅದರಲ್ಲಿ ಸಂಶಯವಿಲ್ಲ. ತುಟಿ ಒಟ್ಟುಮಾಡಿ ಬಹಳ ಕಷ್ಟಪಟ್ಟು ಅದೇ ಅಕ್ಷರವನ್ನು ಅದೇ ಸ್ವರದಲ್ಲಿ ಹೇಳಿದಳು. ಆಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಮರುದಿನ ಬೆಳಗಾಗುವ ಮೊದಲು ಹೋದಳು.

ಆಸ್ಪತ್ರೆಯ ಆ ಕೋಣೆಯಲ್ಲಿ ಬೆಂಕಿ ಇರಲಿಲ್ಲ.

ನನ್ನ ಕೈಯಲ್ಲಿ ಆಗುವಷ್ಟು ವಿಚಾರಿಸಿದ್ದೇನೆ. ಇದ್ದಿನಬ್ಬ ಹೇಳಿದ, "ನೀನು ಗಂಟೆ ಎಳೆದೆ, ನಾನು ನಿಲ್ಲಿಸಿದೆ. ಕನ್ನಡಿಯಲ್ಲಿ ಯಾರೂ ಕಾಣಲಿಲ್ಲ. ನೀನು ಮುಖ ಒರೆಸಿಕೊಂಡೆ, ರೈಟ್ ಅಂದೆ. ಬಿಸಿಲಿಗೆ ತಲೆ ಕೆಟ್ಟಿದೆ ಅಂದ್ಕೊಂಡೆ ಮಾರಾಯ." ಲಚ್ಚಮ್ಮ ಮೊದಲ ಸಲ ಕೇಳಿದಾಗ ನೀಲಿ ಅಂಚಿನ ಸೀರೆ ಎಂದಳು. ಇನ್ನೊಂದು ಸಲ ಕೇಳಿದಾಗ, "ನೀವು ಬಸ್ಸು ನಿಲ್ಲಿಸಿದ್ರಲ್ಲ, ಯಾರೋ ಅಮ್ಮ ಹತ್ತುತ್ತಾರೆ ಅಂತ ಬುಟ್ಟಿ ಜರಗಿಸಿದೆ, ನೋಡಿದೆನಾ ಇಲ್ವಾ ಈಗ ಹೇಗೆ ಹೇಳುವುದು?" ಎಂದಳು. ದೈವ ಮೈಮೇಲೆ ಬರುವ ಪಾತ್ರಿಯೊಬ್ಬರನ್ನು ಕೇಳಿದೆ. ಅಕ್ಕನ ಆತ್ಮ ಶರೀರ ಬಿಟ್ಟು ಬಂದಿತ್ತು ಎಂದು ಎರಡು ಮಾತಿನಲ್ಲಿ ಮುಗಿಸಿದರು. ಅಷ್ಟು ಸುಲಭವಾಗಿ ಹೇಳುವವರನ್ನು ಕಂಡರೆ ನನಗೆ ಈಗಲೂ ನಗು ಬರುತ್ತದೆ. ನನ್ನ ಮನಸ್ಸೇ ಮಾಡಿದ ಆಟ ಎಂದರು ಒಬ್ಬ ಡಾಕ್ಟರು. ಆಗಿರಬಹುದು. ಆದರೆ ನನ್ನ ಮನಸ್ಸು ಆ ಒಂದು ವರ್ಷ ಅಕ್ಕನ ಕಡೆಗೆ ತಿರುಗಿದ್ದೇ ಇಲ್ಲ. ಅವಳು ನಿಲಯದಲ್ಲಿ ಎಂಟು ದಿನದಿಂದ ಹೇಳುತ್ತಿದ್ದ ಶಬ್ದ ಅದಕ್ಕೆ ಎಲ್ಲಿಂದ ಸಿಕ್ಕಿತು?

ನಮ್ಮ ಕಡೆಯವರ ಬಾಯಲ್ಲಿ ತಕಾರಕ್ಕೂ ಥಕಾರಕ್ಕೂ ಅಂಥ ಭೇದವಿಲ್ಲ. ಅರ್ಧ ಸತ್ತ ನಾಲಗೆಯಲ್ಲಿ ಇನ್ನೆಲ್ಲಿ ಇರಬೇಕು? ತೂಲ ಎಂದರೆ ತುಳುವಿನಲ್ಲಿ ನೋಡು ಎಂದು. ಅವಳು ಅದನ್ನು ಹೇ‌ಳಲು ಹೊರಟು ಮೊದಲ ಅಕ್ಷರಕ್ಕೇ ನಿಂತಿರಬಹುದು ಎಂದೂ ಕೆಲವೊಮ್ಮೆ ಅನಿಸುತ್ತದೆ. ಮೂರರಲ್ಲಿ ಯಾವುದು ಎಂದು ಹೇಳಬಲ್ಲವಳು ಒಬ್ಬಳೇ ಇದ್ದಳು.

ನಾನು ಏನನ್ನು ಆಸೆಪಡುತ್ತೇನೆ ಎಂದು ಬರೆದು ಮುಗಿಸುತ್ತೇನೆ. ಅವಳು ಉಗಿದದ್ದೇ ಆಗಿರಲಿ ಎಂದು ಆಸೆಪಡುತ್ತೇನೆ. ಹಾಗಾದರೆ ನನಗೆ ಸಿಗಬೇಕಾದದ್ದು ಸಿಕ್ಕಿತು, ಅವಳಿಗೂ ಕೊಟ್ಟ ಸಮಾಧಾನ ಇತ್ತು. ಬೆಂಕಿ ಎಂದೇ ಹೇಳಿದ್ದಾದರೆ, ಅಷ್ಟೆಲ್ಲ ಆದ ಮೇಲೂ ಅವಳು ಸಹಾಯಕ್ಕೆ ನೆನೆದದ್ದು ನನ್ನನ್ನೇ, ನಿಲ್ಲಲಾರದವಳು ನಿಂತು ಬಂದದ್ದು ನನ್ನ ಹತ್ತಿರವೇ ಎಂದಾಗುತ್ತದೆ. ಅದನ್ನು ನಂಬಿ ಬದುಕುವ ಧೈರ್ಯ ನನಗಿಲ್ಲ. ಅವಳು ಹೇಗೆ ಬಂದಳು ಎಂಬುದು ಮಾತ್ರ ನನಗೆ ಇಂದಿಗೂ ಗೊತ್ತಿಲ್ಲ.